ಹೈಸ್ಕೂಲ್ ಇಂಗ್ಲಿಷ್ ಕ್ಲಾಸಿಗೆ 40 ಸಾವಿರ ಬರ್ತಿದೆ, ಏನ್ ತಗೊಳ್ಳೋದು?

ಹಿರಿಯೂರು_ಮೇಷ್ಟ್ರು
ನಮಸ್ಕಾರ ಎಲ್ರಿಗೂ. ಹಿರಿಯೂರು ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಲ್ಲಿ ಇಂಗ್ಲಿಷ್ ತಗೋತೀನಿ, 8ರಿಂದ 10ರವರೆಗೆ, ಎಲ್ಲಾ ಕನ್ನಡ ಮೀಡಿಯಂ, ಇಂಗ್ಲಿಷ್ ಸೆಕೆಂಡ್ ಲ್ಯಾಂಗ್ವೇಜ್. ನಮ್ಮ ಸ್ಕೂಲಿನ ಒಂದು ಹಳೇ ಬ್ಯಾಚಿನವ್ರು ಸೇರ್ಕೊಂಡು 40 ಸಾವಿರ ಕೊಡ್ತೀವಿ, ಇಂಗ್ಲಿಷ್ ಕ್ಲಾಸಿಗೇ ಖರ್ಚಾಗ್ಬೇಕು ಅಂತ ಹೇಳಿದಾರೆ. ಅವ್ರಿಗೆ ಸ್ಮಾರ್ಟ್ ಟಿವಿ ಕೊಡ್ಸೋ ಆಸೆ, ನಮ್ ಹೆಚ್ಚೆಮ್ಮಿಗೂ ಅದೇ ಇಷ್ಟ, ಟಿವಿ ಆದ್ರೆ ಬಂದೋರ ಕಣ್ಣಿಗೆ ಬೀಳತ್ತೆ, ಕೆಳಗಡೆ ಬ್ಯಾಚಿನ ಹೆಸರು ಬರೆಸ್ಬೋದು, ಫೋಟೋನೂ ಚೆನ್ನಾಗ್ ಬರತ್ತೆ. ನಂಗೆ ಪುಸ್ತಕ ಬೇಕು.

ಆದ್ರೆ ಯಾವ ಪುಸ್ತಕ ಅನ್ನೋದೇ ತಲೆನೋವು. ನಮ್ 9ನೇ ಕ್ಲಾಸಲ್ಲಿ ಸುಮಾರು ಹುಡುಗ್ರು ತಡವರಿಸ್ದೆ ಓದೋಕಾಗೋ ಇಂಗ್ಲಿಷ್ ಅಂದ್ರೆ 3ನೇ ಕ್ಲಾಸಿಂದು. ಆದ್ರೆ ವಯಸ್ಸು 14, ಮೀಸೆ ಚಿಗುರ್ತಿದೆ, ಭಾನುವಾರ ಅಪ್ಪನ ಜೊತೆ ದಾಳಿಂಬೆ ತೋಟಕ್ಕೆ ಔಷಧಿ ಹೊಡಿಯೋಕೆ ಹೋಗ್ತಾರೆ. ಅಂಥವನ ಕೈಗೆ ಮೊಲದ ಮರಿ, ಬಣ್ಣದ ಬಲೂನು ಅಂತ ಕಥೆ ಕೊಟ್ರೆ ಪಕ್ಕದವ್ನು ಕಿಸಕ್ ಅಂತಾನೆ, ಮುಗೀತು ಅಲ್ಲಿಗೆ, ಆಮೇಲೆ ಆ ಪುಸ್ತಕನ ಮುಟ್ಟಲ್ಲ. ಸರಿ ಅಂತ ಅವನ ವಯಸ್ಸಿಗೆ ತಕ್ಕದ್ದು ಕೊಟ್ರೆ ಮೊದಲ್ನೇ ಪುಟ ದಾಟಲ್ಲ. ಇಂಗ್ಲಿಷ್ ಸಲೀಸಾಗಿರ್ಬೇಕು, ವಿಷಯ ಮಾತ್ರ ಮಕ್ಕಳಾಟದ್ದಾಗಿರ್ಬಾರ್ದು, ಪುಸ್ತಕ ತೆಳ್ಳಗಿರ್ಬೇಕು. ಇಂಥವು ಎಲ್ಲಿ ಸಿಗ್ತವೆ? ಕ್ಲಾಸಲ್ಲಿ ಕೊಟ್ಟು ನೋಡಿದೋರು ಹೇಳಿ. ಜೊತೆಗೆ ಬೇರೆ ಸಾಮಾನು ಏನೇನ್ ಬೇಕಾಗ್ಬೋದು ಅಂತಾನೂ ಹೇಳಿ.

ದಯವಿಟ್ಟು ದಪ್ಪ ಗ್ರಾಮರ್ ಬುಕ್ ತಗೊಳ್ಳಿ ಅನ್ಬೇಡಿ, ಅವು ಆಗ್ಲೇ ಬೀರು ತುಂಬಾ ಇದಾವೆ.

ಗೀತಾ_ಪುತ್ತೂರು
ಮೇಷ್ಟ್ರೇ, ನಮ್ಮಲ್ಲೂ ಇದೇ ಅವಸ್ಥೆ ಮಾರಾಯ್ರೆ. ನೀವು ಕೇಳುವಂಥದ್ದು ಉಂಟು, ಗ್ರೇಡೆಡ್ ರೀಡರ್ಸ್ ಅಂತ. ಪದಗಳನ್ನು ಲೆಕ್ಕ ಹಾಕಿಯೇ ಬರೆದಿರ್ತಾರೆ. ಆಕ್ಸ್‌ಫರ್ಡ್ ಬುಕ್‌ವರ್ಮ್ಸ್ ಸೀರೀಸಲ್ಲಿ ಸ್ಟಾರ್ಟರ್ ಅಂದ್ರೆ 250 ಮೂಲ ಪದ, ಸ್ಟೇಜ್ 1 ಅಂದ್ರೆ 400, ಸ್ಟೇಜ್ 2 ಅಂದ್ರೆ 700. ಕಥೆ ಕೊಲೆ, ದೆವ್ವ, ಹಡಗು ಮುಳುಗುವುದು, ಪ್ರೀತಿ ಇಂಥದ್ದೇ, ಹಾಗಾಗಿ ಹುಡುಗರಿಗೆ ಮರ್ಯಾದೆ ಹೋದ ಹಾಗೆ ಆಗುವುದಿಲ್ಲ. ತೊಂದರೆ ಎರಡು. ಹೊಸದಕ್ಕೆ ರೇಟ್ ಜಾಸ್ತಿ. ಮತ್ತೆ ತುಂಬಾ ಕಥೆ ಲಂಡನ್ನು, ಹಿಮ, ಬಟ್ಲರು ಇದೇ ಆಯ್ತು, ಬಟ್ಲರ್ ಅಂದ್ರೆ ಯಾರು ಅಂತ ಹೇಳುವುದರಲ್ಲೇ ಪೀರಿಯಡ್ ಮುಗೀತದೆ. ಸ್ಟಾರ್ಟರ್ ಮತ್ತು ಸ್ಟೇಜ್ 1 ಮಾತ್ರ ತೆಗೊಳ್ಳಿ, ಸ್ಟೇಜ್ 3ರ ಆಚೆಗೆ ಆಸೆಪಡ್ಬೇಡಿ ಈಗಲೇ.

ದುಡ್ಡಿಲ್ಲದೆ ಸಿಗುವುದು ಸ್ಟೋರಿವೀವರ್ ಅಂತ ವೆಬ್‌ಸೈಟಲ್ಲಿ. ಪ್ರಥಮ್ ಬುಕ್ಸಿನವರು 2015ರಲ್ಲಿ ಶುರು ಮಾಡಿದ್ದು, ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್, ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆದ್ರೆ ಯಾರೂ ಕೇಳುವುದಿಲ್ಲ. ಲೆವೆಲ್ 1ರಿಂದ 4 ಉಂಟು. 1, 2 ಚಿತ್ರ ಜಾಸ್ತಿ, ಅದೇ ನಿಮ್ಮ ಮೊಲದ ಮರಿ. 3, 4ರಲ್ಲಿ ಹುಡುಕಿ, ವಿಜ್ಞಾನಿಗಳ ಬದುಕು, ಕಾಡು, ಜೇಡ, ಗಣಿತ ಅಂತ ಮಾಹಿತಿ ಪುಸ್ತಕಗಳು ಒಳ್ಳೆದಿದ್ದಾವೆ. ಮಾಹಿತಿ ಪುಸ್ತಕಕ್ಕೆ ಯಾರೂ ನಗುವುದಿಲ್ಲ ನೋಡಿ, ಅದು ಎಷ್ಟು ಸಣ್ಣ ಇಂಗ್ಲಿಷಲ್ಲಿದ್ರೂ. ಸುಮಾರು ಪುಸ್ತಕ ಕನ್ನಡದಲ್ಲೂ ಉಂಟು, ಮೊದಲು ಕನ್ನಡದ್ದು ಓದಿಸಿ ಆಮೇಲೆ ಇಂಗ್ಲಿಷ್ ಕೊಡಿ.

ಕಿರಣ್97
ಸರ್ ಒಂದ್ ಮಾತು ಕೇಳ್ತೀನಿ ಬೇಜಾರಾಗ್ಬೇಡಿ. ನಾನೂ ಇಂಗ್ಲಿಷ್ ಟೀಚರೇ. ರಿಸಲ್ಟ್ ಕಮ್ಮಿ ಆದ್ರೆ ನೋಟಿಸ್ ಬರೋದು ನಮಗೆ. ಎಷ್ಟ್ ಕಥೆ ಪುಸ್ತಕ ಓದ್ಸಿದ್ರಿ ಅಂತ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ) ಆಫೀಸಿಂದ ಯಾರೂ ಫೋನ್ ಮಾಡಲ್ಲ. ನವೆಂಬರಿಂದ ಪಾಸಿಂಗ್ ಪ್ಯಾಕೇಜು (ಪಾಸಾಗೋಕೆ ಬೇಕಾದಷ್ಟನ್ನ ಮಾತ್ರ ಓದ್ಸೋದು), ಸ್ಪೆಷಲ್ ಕ್ಲಾಸು, ಪ್ರಿಪರೇಟರಿ, ಇದ್ರಲ್ಲಿ ಕಥೆ ಓದ್ಸೋಕೆ ಪೀರಿಯಡ್ ಎಲ್ಲಿದೆ? 40 ಸಾವಿರಕ್ಕೆ ಎಲ್ಲಾ 10ನೇ ಕ್ಲಾಸ್ ಮಕ್ಕಳಿಗೂ ಒಂದೊಂದ್ ಪ್ರಶ್ನೆಪತ್ರಿಕೆ ಬುಕ್ಕು, 200 ಪೇಜ್ ನೋಟ್‌ಬುಕ್ಕು ಕೊಡ್ಸಿ, ಅವ್ರಿಗೂ ಉಪಯೋಗ ನಿಮಗೂ ಉಪಯೋಗ.

ಹಿರಿಯೂರು_ಮೇಷ್ಟ್ರು
ಬೇಜಾರೇನಿಲ್ಲ ಕಿರಣ್ ಸರ್, ನಮ್ ಸ್ಟಾಫ್ ರೂಮಲ್ಲೂ ಇದೇ ಮಾತು ನಡ್ಯತ್ತೆ. ಪಾಸಿಂಗ್ ಪ್ಯಾಕೇಜ್ ನಾನೂ ಮಾಡಿಸ್ತೀನಿ, ಬಿಡೋಕಾಗಲ್ಲ. ಆದ್ರೆ 80 ಮಾರ್ಕ್ಸಿನ ಪೇಪರ್ ನೋಡಿ, ಪದ್ಯ ಬಾಯಿಪಾಠ ಮಾಡಿಸ್ಬೋದು, ಲೆಟರ್ ಫಾರ್ಮ್ಯಾಟ್ ಉರು ಹೊಡೆಸ್ಬೋದು, ಕೊಟ್ಟಿರೋ ಪ್ಯಾಸೇಜ್ ಓದಿ ಉತ್ತರ ಬರೀರಿ, ಚಿತ್ರ ನೋಡಿ ಬರೀರಿ, ಪ್ರೊಫೈಲ್ ಬರೀರಿ ಅಂದಾಗ ಏನ್ ಉರು ಹೊಡೆಸ್ತೀರಾ? ಅಲ್ಲೇ ನಮ್ ಮಕ್ಳು ಖಾಲಿ ಬಿಡೋದು. ಇನ್ನೊಂದು, ನಾನು 10ನೇ ಕ್ಲಾಸಿಗೆ ಕಥೆ ಪುಸ್ತಕ ಕೊಡ್ತೀನಿ ಅಂತ ಹೇಳ್ತಿಲ್ಲ, 8ನೇ ಕ್ಲಾಸಿಗೆ ಬರ್ತಾರಲ್ಲ ಜೂನಲ್ಲಿ, ಆಗ ಶುರು ಮಾಡಿದ್ರೆ ಎರಡು ವರ್ಷ ಸಿಗತ್ತೆ. ನೋಟ್‌ಬುಕ್ ಕೊಟ್ರೆ ದಸರಾ ರಜಕ್ಕೆ ತುಂಬಿ ಹೋಗತ್ತೆ, ಮುಂದಿನ್ ಬ್ಯಾಚಿಗೆ ಏನೂ ಉಳಿಯಲ್ಲ.

ಜ್ವಾಳದ_ರೊಟ್ಟಿ
ಸರ್ ನಮಸ್ಕಾರ್ರಿ, ನಾ ವಿಜಾಪುರ ಕಡ್ಯಾಂವ. ಪುಸ್ತಕ ತರ್ರಿ, ಬ್ಯಾಡ ಅನ್ನಂಗಿಲ್ಲ, ಆದ್ರ ಅದಕ್ಕೂ ಮೊದ್ಲ ಒಂದು ರೂಪಾಯಿ ಖರ್ಚಿಲ್ದ ಒಂದು ಕೆಲಸ ಐತಿ. ನಮ್ ಸಾಲ್ಯಾಗ ಹುಡುಗ್ರಿಗೆ ಹೇಳಿದ್ವಿ, ಮನ್ಯಾಗ ಇಂಗ್ಲಿಷ್ ಬರ್ದಿದ್ದು ಏನೇನ್ ಐತಿ ಎಲ್ಲಾ ತರ್ರಿ ಅಂತ. ಬಿಸ್ಕೀಟ್ ಪಾಕೀಟು, ಗೊಬ್ಬರದ ಚೀಲ ಕತ್ತರಿಸಿದ್ದು, ಎಣ್ಣಿ ಔಷಧದ ಡಬ್ಬಿ ಮ್ಯಾಲಿನ ಚೀಟಿ (ಡಬ್ಬಿ ತರಬ್ಯಾಡ್ರಿ ಅಂತ ಮೊದ್ಲ ಹೇಳ್ರಿ, ವಿಷ ಇರ್ತೈತಿ, ಚೀಟಿ ಅಷ್ಟ), ಗುಳಿಗಿ ಪಟ್ಟಿ, ಮೊಬೈಲ್ ಬಾಕ್ಸು, ಕರೆಂಟ್ ಬಿಲ್ಲು. ಗ್ವಾಡಿಗೆ ದಾರ ಕಟ್ಟಿ ಬಟ್ಟಿ ಒಣ ಹಾಕೋ ಕ್ಲಿಪ್ಪಿಲೆ ಸಿಕ್ಕಿಸಿದ್ವಿ. ಎಕ್ಸ್‌ಪೈರಿ ಅಂದ್ರೇನು, ಡೋಸೇಜ್ ಅಂದ್ರೇನು, ಕೀಪ್ ಔಟ್ ಆಫ್ ರೀಚ್ ಅಂದ್ರೇನು, ಹುಡುಗ್ರು ತಾವಾ ಕೇಳಾಕ ಹತ್ತಿದ್ರು, ಯಾಕಂದ್ರ ಅಪ್ಪ ದಿನಾ ಹೊಡಿಯೋ ಔಷಧ ಅದು. ನಿಮ್ಮ ದಾಳಿಂಬರ ಹುಡುಗ್ರಿಗೂ ಇದು ಹಿಡಸ್ತೈತಿ ನೋಡ್ರಿ.

ಅವೆನ್ಯೂ_ಅಲೆಮಾರಿ
ಬೆಂಗಳೂರಿನವ್ನು ನಾನು, ಟೀಚರ್ ಅಲ್ಲ, ಅಪಾರ್ಟ್‌ಮೆಂಟುಗಳಲ್ಲಿ ಹಳೇ ಪುಸ್ತಕ ಕೂಡ್ಸಿ ಸ್ಕೂಲುಗಳಿಗೆ ಕಳಿಸ್ತಿರ್ತೀವಿ. ದಾನಿಗಳ ಬಗ್ಗೆ ಒಂಚೂರು ಹೇಳ್ಬೇಕು. ಗೇಟಲ್ಲಿ ಡಬ್ಬ ಇಟ್ರೆ ಬೀಳೋದೇನು ಗೊತ್ತಾ, ಸಿಇಟಿ ಗೈಡು, ಹಳೇ ಸಿಲಬಸ್ಸಿನ ಐಸಿಎಸ್‌ಇ ಟೆಕ್ಸ್ಟ್ ಬುಕ್ಕು, ಜಾವಾ ಪ್ರೋಗ್ರಾಮಿಂಗು, ಹತ್ತು ದಿನದಲ್ಲಿ ಶ್ರೀಮಂತರಾಗೋದು ಹೇಗೆ ಅನ್ನೋ ತರದ್ದು, ಅರ್ಧ ಬರ್ದಿರೋ ವರ್ಕ್‌ಬುಕ್ಕು. ಮನೆ ಖಾಲಿ ಮಾಡೋಕೆ ಸರ್ಕಾರಿ ಸ್ಕೂಲ್ ಒಂದು ದಾರಿ ಆಗ್ಬಿಟ್ಟಿದೆ ಜನಕ್ಕೆ. ಅದಕ್ಕೇ ಈಗ ನಾವು ಡಬ್ಬ ಇಡಲ್ಲ, ಪಟ್ಟಿ ಕೊಡ್ತೀವಿ: 100 ಪುಟದ ಒಳಗೆ, ಅಕ್ಷರ ದೊಡ್ಡದು, ಚಿತ್ರ ಇರ್ಲೇಬೇಕು, ಕ್ರಿಕೆಟ್, ಪ್ರಾಣಿ, ಬಾಹ್ಯಾಕಾಶ, ದೆವ್ವ, ಜೋಕು, ಕಾಮಿಕ್ಸು. ಇವಿಷ್ಟೇ. ಬೇರೆ ತಂದ್ರೆ ವಾಪಸ್.

ಮೇಷ್ಟ್ರೇ, ದುಡ್ಡು ಕೈಲಿದ್ರೆ ಭಾನುವಾರ ಬಿಟ್ಟು ವಾರದ ದಿನ ಬನ್ನಿ, ಅವೆನ್ಯೂ ರೋಡಲ್ಲಿ ಟೆಕ್ಸ್ಟ್ ಬುಕ್ ಜಾಸ್ತಿ, ಚರ್ಚ್ ಸ್ಟ್ರೀಟಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಮಕ್ಕಳ ಪುಸ್ತಕ ಚೆನ್ನಾಗಿ ಸಿಗತ್ತೆ. ಬ್ಲಾಸಮ್, ಬುಕ್‌ವರ್ಮ್ ಅನ್ನೋ ಅಂಗಡಿ ಎರಡೂ ಅಲ್ಲೇ ಇರೋದು. ಹಳೇ ಟಿಂಕಲ್ ಡೈಜೆಸ್ಟ್ (ಮಕ್ಕಳ ಕಾಮಿಕ್ಸ್) ಕಂಡ್ರೆ ಎತ್ಕೊಂಡ್ಬಿಡಿ. ಚಿತ್ರದ ಪಕ್ಕದಲ್ಲೇ ಮಾತಿರೋದ್ರಿಂದ ಪದ ಗೊತ್ತಿಲ್ದಿದ್ರೂ ಕಥೆ ನಿಲ್ಲಲ್ಲ.

ಹಿರಿಯೂರು_ಮೇಷ್ಟ್ರು
ಕಾಮಿಕ್ಸ್ ಬಗ್ಗೆ ನಂಗೂ ಅದೇ ಅನ್ಸಿದ್ದು, ಹೆಚ್ಚೆಮ್ ಏನಂತಾರೋ ಗೊತ್ತಿಲ್ಲ 😀

ಕನ್ನಡ_ಮೀಡಿಯಂ_ಹುಡುಗಿ
ನಾನ್ ಸ್ಟೂಡೆಂಟ್ ಕಡೆಯಿಂದ ಹೇಳ್ತೀನಿ. ತುಮಕೂರು ಕಡೆ ಹಳ್ಳಿ, 10ನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ, ಈಗ ಸ್ಟಾಫ್ ನರ್ಸ್. ಇಂಗ್ಲಿಷ್ ಕ್ಲಾಸಂದ್ರೆ ನೆನಪಾಗೋದು ಎದ್ದು ನಿಂತು ಜೋರಾಗಿ ಓದೋದು, ತಪ್ಪಾದ್ರೆ ನಗು, ಸರ್ ಬೈತಿರ್ಲಿಲ್ಲ ಆದ್ರೂ ನಗು ಸಾಕಾಗಿತ್ತು. ಪುಸ್ತಕ ತಂದ್ಮೇಲೆ ದಯವಿಟ್ಟು ಅದನ್ನ ನಿಲ್ಸಿ ಓದಿಸ್ಬೇಡಿ ಸರ್. ಮೂಲೇಲಿ ಕೂತು ಬಾಯಿ ಮುಚ್ಕೊಂಡು ಓದೋಕೆ ಬಿಡಿ, ಏನ್ ಅರ್ಥ ಆಯ್ತು ಅಂತ ಪ್ರಶ್ನೆ ಕೇಳ್ಬೇಡಿ, ಸಾರಾಂಶ ಬರ್ಕೊಂಡ್ ಬನ್ನಿ ಅಂತೂ ಅನ್ಲೇಬೇಡಿ. ಮನೆಗೆ ತಗೊಂಡೋಗೋಕೆ ಬಿಟ್ರಂತೂ ಇನ್ನೂ ಒಳ್ಳೇದು, ನಮ್ಮನೇಲಿ ಒಬ್ರು ತಂದ್ರೆ ಮೂರ್ ಜನ ನೋಡ್ತಿದ್ವಿ.

ನಿವೃತ್ತ_ಹೆಚ್ಚೆಮ್
ಮನೆಗೆ ಕೊಡೋ ವಿಷಯ ಬಂತಲ್ಲ, ಅದಕ್ಕೇ ಬಂದೆ. ನಮ್ಮ ಶಾಲೆಗಳಲ್ಲಿ ಪುಸ್ತಕ ಇಲ್ಲ ಅನ್ನೋದು ಅರ್ಧ ಸತ್ಯ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಲೈಬ್ರರಿ ಗ್ರಾಂಟು ಶಾಲೆಯ ಹಂತ ನೋಡ್ಕೊಂಡು 5,000ದಿಂದ 20,000ದವರೆಗೆ ಇಟ್ಟಿದಾರೆ, ಪುಸ್ತಕ ಬರ್ತವೆ, ಬಂದು ಬೀರು ಸೇರ್ತವೆ, ಬೀಗ ಬೀಳತ್ತೆ. ಟೀಚರಿಗೆ ಮನಸ್ಸಿಲ್ಲ ಅಂತಲ್ಲ. ಸ್ಟಾಕ್ ರಿಜಿಸ್ಟರ್ ಅಂತ ಒಂದಿದೆ. ಪುಸ್ತಕ ಎಂಟ್ರಿ ಆದ್ಮೇಲೆ ಅದು ಚಾರ್ಜಿನಲ್ಲಿರೋರ ತಲೆ ಮೇಲೆ, ವರ್ಗಾವಣೆ ಆದಾಗ ಲೆಕ್ಕ ಒಪ್ಪಿಸಿ ಹೋಗ್ಬೇಕು, ಒಂದು ಕಮ್ಮಿ ಬಂದ್ರೆ ಚಾರ್ಜ್ ತಗೊಳ್ಳೋರು ಸೈನ್ ಹಾಕಲ್ಲ. 60 ರೂಪಾಯಿ ಪುಸ್ತಕಕ್ಕೋಸ್ಕರ ನೋ ಡ್ಯೂ (ಬಾಕಿ ಇಲ್ಲ ಅನ್ನೋ ಪತ್ರ) ಸಿಗದೆ ಓಡಾಡಿದವರನ್ನ ನೋಡಿದೀನಿ. ಅಂಥಾ ಹೊತ್ತಲ್ಲಿ ಬೀಗ ಹಾಕೋದೇ ಕ್ಷೇಮ ಅಂತ ಯಾರಿಗಾದ್ರೂ ಅನ್ಸತ್ತೆ.

ಕೇಂದ್ರ ಸರ್ಕಾರದ ಹಣಕಾಸು ನಿಯಮಾವಳಿ ಜಿಎಫ್‌ಆರ್ 2017ರಲ್ಲಿ 215ನೇ ನಿಯಮ ಓದಿ. ವರ್ಷದಲ್ಲಿ ಸಾವಿರ ಪುಸ್ತಕ ಓದೋಕೆ ಕೊಟ್ರೆ ಐದು ಕಳೆದುಹೋಗೋದು ಸಹಜ ಅಂತ ಅದರಲ್ಲೇ ಒಪ್ಕೊಂಡಿದಾರೆ, ಮೋಸ, ನಿರ್ಲಕ್ಷ್ಯ ಇಲ್ದಿದ್ರೆ ಸಾಕು. ಅದು ಕೇಂದ್ರದ ಲೈಬ್ರರಿಗಳಿಗೆ, ನಿಮ್ಮ ಶಾಲೆಗೆ ನೇರವಾಗಿ ಅನ್ವಯ ಆಗಲ್ಲ, ಆದ್ರೆ ಮೀಟಿಂಗಲ್ಲಿ ತೋರ್ಸೋಕೆ ಒಳ್ಳೇ ಕಾಗದ. ನನ್ನ ಸಲಹೆ ಇಷ್ಟು: ಪುಸ್ತಕ ಬರೋಕೆ ಮುಂಚೆನೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ಕರೆದು, ಇವು ತರಗತಿಯಲ್ಲಿ ಮಕ್ಕಳ ಬಳಕೆಗೆ ದಾನಿಗಳು ಕೊಟ್ಟವು, ಹರಿದು ಹೋದವನ್ನ ಕಳೆದು ಹೋದವನ್ನ ವರ್ಷಕ್ಕೊಮ್ಮೆ ಪಟ್ಟಿ ಮಾಡಿ ಸಭೆಯಲ್ಲೇ ತೆಗೆದುಹಾಕೋದು ಅಂತ ನಡಾವಳಿ ಬರೆಸಿ, ಎಲ್ರ ಸೈನ್ ತಗೊಳ್ಳಿ. ದಾನಿಗಳ ಪತ್ರದಲ್ಲೂ ಅದೇ ಸಾಲು ಇರ್ಲಿ. ಈ ಒಂದು ಪುಟ ಇಲ್ದೆ 40 ಸಾವಿರ ಅಲ್ಲ 4 ಲಕ್ಷದ ಪುಸ್ತಕ ಬಂದ್ರೂ ಬೀರುಗೇ ಹೋಗೋದು.

ಹಿರಿಯೂರು_ಮೇಷ್ಟ್ರು
ಸರ್ ಇದು ನಂಗೆ ಹೊಳೆದೇ ಇರ್ಲಿಲ್ಲ, ತುಂಬಾ ಥ್ಯಾಂಕ್ಸ್. ಎಲ್ಲಾ ಬಿಟ್ಟು ಮೊದ್ಲು ಈ ನಡಾವಳಿ ಮಾಡಿಸ್ತೀನಿ.

ಅರಿವು_ಕೇಂದ್ರ
ನಾನು ಗ್ರಾಮ ಪಂಚಾಯಿತಿ ಲೈಬ್ರರಿ ನೋಡ್ಕೊಳ್ಳೋನು. ಯಾರೂ ನಮ್ ಹೆಸರೇ ಎತ್ತಲಿಲ್ವಲ್ಲ ಅಂತ ಬರೀತಿದೀನಿ. 2020ರ ಮಕ್ಕಳ ದಿನಾಚರಣೆಗೆ ಓದುವ ಬೆಳಕು ಅಂತ ಕಾರ್ಯಕ್ರಮ ಶುರುವಾಯ್ತಲ್ಲ, ಆಗಿಂದ 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯ್ತಿ ಲೈಬ್ರರಿ ಮೆಂಬರ್‌ಶಿಪ್ ಫ್ರೀ. ಮನೆಗೂ ಕೊಡ್ತೀವಿ. ನಮ್ಮಲ್ಲಿ ಕನ್ನಡದ್ದು ಬೇಕಾದಷ್ಟಿದೆ, ಇಂಗ್ಲಿಷ್ ಮಕ್ಕಳ ಪುಸ್ತಕ ಕಮ್ಮಿ, ಇರೋದ್ರಲ್ಲಿ ಕಾಂಪಿಟೇಟಿವ್ ಎಕ್ಸಾಮಿಂದೇ ಜಾಸ್ತಿ. ಮೇಷ್ಟ್ರೇ ನಿಮ್ ಪಂಚಾಯ್ತಿಯವ್ರ ಹತ್ರ ಮಾತಾಡಿ, ಬೇಸಿಗೆ ರಜದಲ್ಲಿ ನಿಮ್ ಪುಸ್ತಕನ ಎರಡ್ ತಿಂಗ್ಳು ಅಲ್ಲಿಡಿ, ಸ್ಕೂಲ್ ಬಾಗ್ಲು ಹಾಕಿರೋವಾಗ ಪುಸ್ತಕ ಯಾಕೆ ಒಳಗಿರ್ಬೇಕು.

ಬೇ_ಏರಿಯಾ_ಕನ್ನಡಿಗ
ಇಲ್ಲೂ ಟೀಚರ್ಸ್ ಕೈಯಿಂದ ದುಡ್ಡು ಹಾಕೋದು ಮಾಮೂಲು, ಅಮೆರಿಕದಲ್ಲೂನಾ ಅಂತ ಊರಲ್ಲಿ ಯಾರೂ ನಂಬಲ್ಲ. ಟ್ಯಾಕ್ಸಲ್ಲಿ ಟೀಚರ್ಸಿಗೆ ಅಂತಲೇ ಒಂದು ಡಿಡಕ್ಷನ್ ಇದೆ ಅಂದ್ಮೇಲೆ ಎಷ್ಟು ಮಾಮೂಲು ಅಂತ ಲೆಕ್ಕ ಹಾಕಿ. 2000ದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸಲ್ಲಿ ಚಾರ್ಲ್ಸ್ ಬೆಸ್ಟ್ ಅನ್ನೋ ಹೈಸ್ಕೂಲ್ ಮೇಷ್ಟ್ರು ಡೋನರ್ಸ್‌ಚೂಸ್ ಅಂತ ಶುರು ಮಾಡಿದ್ರು. ಟೀಚರ್ ನಂಗೆ ಇಂಥಾ ಪುಸ್ತಕ ಇಷ್ಟು ಬೇಕು ಅಂತ ಹಾಕ್ತಾರೆ, ಯಾರೋ ದುಡ್ಡು ಕೊಡ್ತಾರೆ, ದುಡ್ಡು ಟೀಚರ್ ಕೈಗೆ ಹೋಗಲ್ಲ, ಸಾಮಾನೇ ಸ್ಕೂಲಿಗೆ ಹೋಗತ್ತೆ. ನಂಗೆ ಇಷ್ಟ ಆಗೋದು ಏನು ಬೇಕು ಅಂತ ಹೇಳೋದು ಟೀಚರ್, ದಾನಿ ಅಲ್ಲ. ನಿಮ್ ಹಳೇ ಸ್ಟೂಡೆಂಟ್ಸಿಗೆ ಇದನ್ನೇ ಹೇಳಿ ನೋಡಿ.

ಇನ್ನೊಂದು ಮುಖ್ಯವಾದದ್ದು. ನಿಮ್ ಬ್ಯಾಚಲ್ಲಿ ಯಾರಾದ್ರೂ ವಿದೇಶದಲ್ಲಿದ್ರೆ ಪಾಸ್‌ಪೋರ್ಟ್ ಯಾವ್ದು ಅಂತ ಕೇಳಿ. ಇಂಡಿಯನ್ ಪಾಸ್‌ಪೋರ್ಟ್ ಇದ್ದು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ರೆ ತೊಂದ್ರೆ ಇಲ್ಲ. ಅಮೆರಿಕನ್ ಸಿಟಿಜನ್ ಆಗಿದ್ರೆ, ಓಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋ) ಕಾರ್ಡ್ ಇದ್ರೂ ಸರಿ, ಅದು ಎಫ್‌ಸಿಆರ್‌ಎ ಅನ್ನೋ ಕಾಯ್ದೆ ಪ್ರಕಾರ ವಿದೇಶಿ ದೇಣಿಗೆ ಆಗತ್ತೆ, ಸುಮ್ನೆ ಎಸ್‌ಡಿಎಂಸಿ ಅಕೌಂಟಿಗೆ ಹಾಕ್ಬಾರ್ದು.

ಜ್ವಾಳದ_ರೊಟ್ಟಿ
ನಮ್ಮಲ್ಲೂ ಹಂಗ ಒಂದು ಐತ್ರೀ, ವಿದ್ಯಾಂಜಲಿ ಅಂತ ಕೇಂದ್ರದ ಪೋರ್ಟಲ್. ಸಾಲಿ ಹೆಸರು ಹಚ್ಚಿ ಏನ್ ಬೇಕು ಬರದ್ರ ಕೊಡೋರು ಕೊಡ್ತಾರ. ನಮ್ ಸಾಲಿ ಹೆಸರು ಐತಿ, ಲಾಗಿನ್ ಪಾಸ್‌ವರ್ಡ್ ಯಾರ್ ಕಡೆ ಐತಿ ಅನ್ನೂದ ಗೊತ್ತಿಲ್ಲ 😂

ಗೀತಾ_ಪುತ್ತೂರು
ಟಿವಿ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಮಕ್ಕಳು ಇಂಗ್ಲಿಷ್ ಕೇಳುವುದು ನಮ್ಮ ಬಾಯಲ್ಲಿ ಮಾತ್ರ, ಬೇರೆಯವರು ಮಾತಾಡುವುದೂ ಕಿವಿಗೆ ಬೀಳ್ಬೇಕು. ಆದ್ರೆ ಅದಕ್ಕೆ ಟಿವಿಯೇ ಯಾಕೆ? ಒಂದು ಒಳ್ಳೆ ಬ್ಲೂಟೂತ್ ಸ್ಪೀಕರ್ ಸಾಕು, ಕರೆಂಟ್ ಹೋದ್ರೂ ನಡೀತದೆ. ಸಾಮಾನಿನ ಪಟ್ಟಿ ಕೇಳಿದ್ರಲ್ಲ, ಉದ್ದ ಕೈಯ ಸ್ಟೇಪ್ಲರ್ ಒಂದು ಮರೀಬೇಡಿ, ಎ4 ಹಾಳೆ ಮಡಚಿ ನಡುವೆ ಪಿನ್ ಹೊಡೆಯಲಿಕ್ಕೆ ಮಾಮೂಲಿ ಸ್ಟೇಪ್ಲರ್ ಎಟಕುವುದಿಲ್ಲ. ಅದಿದ್ರೆ ಸ್ಟೋರಿವೀವರ್ ಪುಸ್ತಕ ನೀವೇ ಮಾಡ್ಬಹುದು, ಮಕ್ಕಳು ಬರೆದ ಕಥೆಯನ್ನೂ ಪುಸ್ತಕ ಮಾಡಿ ಅದೇ ಕಪಾಟಲ್ಲಿ ಇಡ್ಬಹುದು. ಬೆನ್ನಿಗೆ ಅಂಟಿಸುವ ಅಗಲ ಟೇಪು, ಸ್ಕೆಚ್ ಪೆನ್ನು, ಚಾರ್ಟು. ಇಂಗ್ಲಿಷ್-ಇಂಗ್ಲಿಷ್-ಕನ್ನಡ ಡಿಕ್ಷನರಿ ಬೆಂಚಿಗೊಂದು ಆದ್ರೆ ಒಳ್ಳೆದು, ಒಂದೇ ಇದ್ರೆ ಯಾರೂ ಎದ್ದು ಬಂದು ನೋಡುವುದಿಲ್ಲ.

ಹಾಂ, ಅರವಿಂದ ಗುಪ್ತಾ ಅವರ ವೆಬ್‌ಸೈಟ್ ನೋಡಿ, ಕಸದಿಂದ ಆಟಿಕೆ ಮಾಡುವುದು. ಒಂದು ಪುಟ ಇಂಗ್ಲಿಷ್ ಸೂಚನೆ ಪ್ರಿಂಟ್ ಕೊಟ್ಟು, ಸ್ಟ್ರಾ, ಕತ್ತರಿ, ರಬ್ಬರ್ ಬ್ಯಾಂಡ್ ಇಟ್ಟು, ಓದಿ ಮಾಡಿ ಅಂತ ಬಿಡಿ. ಓದಿದ್ದು ಸರಿ ಆಯ್ತಾ ಅಂತ ನೀವು ಪ್ರಶ್ನೆ ಕೇಳ್ಬೇಕಂತ ಇಲ್ಲ, ಆಟಿಕೆ ತಿರುಗಿದ್ರೆ ಗೊತ್ತಾಗ್ತದಲ್ಲ.

ಕಿರಣ್97
ಇದ್ ಚೆನ್ನಾಗಿದೆ ಮೇಡಂ, ನಾನೂ ಟ್ರೈ ಮಾಡ್ತೀನಿ. ಪುಸ್ತಕದ ವಿಷಯದಲ್ಲಿ ನಂಗಿನ್ನೂ ಡೌಟಿದೆ. ಯಾವ ಮಗುಗೆ ಯಾವ್ದು ಅಂತ 50 ಜನಕ್ಕೆ ನೋಡ್ಕೊಂಡು ಕೊಡೋಕೆ ಟೈಮೆಲ್ಲಿ?

ಅವೆನ್ಯೂ_ಅಲೆಮಾರಿ
ನೀವ್ ಕೊಡೋದೇ ಬೇಡ, ಅವ್ರೇ ತಗೋಬೇಕು. ಮಧ್ಯದ ಒಂದ್ ಪುಟ ತೆಗಿ, ಓದ್ತಾ ಗೊತ್ತಿಲ್ದಿರೋ ಪದಕ್ಕೆ ಒಂದೊಂದ್ ಬೆರಳು ಮಡಚು, ಪುಟ ಮುಗ್ಯೋಕ್ ಮುಂಚೆ ಐದೂ ಮಡಚಿದ್ರೆ ವಾಪಸ್ ಇಟ್ಟು ಬೇರೆ ತಗೋ ಅಂತ ಹೇಳ್ಕೊಟ್ರೆ ಆಯ್ತು. ತೆಳು ಪುಸ್ತಕಕ್ಕೆ ಒಂದು ಬಣ್ಣದ ಸ್ಟಿಕ್ಕರ್, ದಪ್ಪದಕ್ಕೆ ಇನ್ನೊಂದು ಅಂತೆಲ್ಲ ಮಾಡ್ತಾರೆ ಕೆಲವ್ರು, ನಂಗಿಷ್ಟ ಇಲ್ಲ, ಆ ಸ್ಟಿಕ್ಕರ್ ನೋಡಿನೇ ನೀನು ದಡ್ಡ ಅಂತ ಶುರು ಮಾಡ್ತಾರೆ.

ಹಿರಿಯೂರು_ಮೇಷ್ಟ್ರು
ಎಲ್ರಿಗೂ ಥ್ಯಾಂಕ್ಸ್. ಬ್ಯಾಚಿನವ್ರ ಜೊತೆ ಫೋನಲ್ಲಿ ಮಾತಾಡ್ದೆ. ಟಿವಿ ಬೇಡ ಅಂದಿದ್ದಕ್ಕೆ ಒಬ್ರಿಗೆ ಸ್ವಲ್ಪ ಮುಖ ಸಣ್ಣಗಾಯ್ತು, ಪ್ರತಿ ಪುಸ್ತಕದ ಒಳಗೂ ನಿಮ್ ಬ್ಯಾಚಿನ ಸೀಲ್ ಹಾಕಿಸ್ತೀನಿ, ಟಿವಿ ಮೇಲೆ ಒಂದೇ ಕಡೆ ಹೆಸರಿರತ್ತೆ ಇಲ್ಲಿ ಎಲ್ಲಾ ಮನೆಗೂ ಹೋಗತ್ತೆ ಅಂದೆ, ಒಪ್ಕೊಂಡ್ರು. ಅವ್ರಲ್ಲಿ ಒಬ್ಬ ಅಮೆರಿಕನ್ ಸಿಟಿಜನ್ ಇದಾನಂತೆ, ಅವನ ಪಾಲು ಬೇಡ ಅಂತ ಹೇಳಿ ಉಳಿದವ್ರೇ ಹಂಚ್ಕೊಂಡಿದಾರೆ.

ಸದ್ಯಕ್ಕೆ ಲೆಕ್ಕ ಹೀಗಿದೆ. ಬಾಗ್ಲಿಲ್ಲದ ಕಪಾಟು ಊರಲ್ಲೇ ಬಡಗಿ ಹತ್ರ ಮಾಡ್ಸೋದು. ಅರ್ಧದಷ್ಟು ದುಡ್ಡು ಸೆಕೆಂಡ್ ಹ್ಯಾಂಡ್ ರೀಡರ್ಸಿಗೆ, ಕಾಮಿಕ್ಸಿಗೆ. ಎನ್‌ಬಿಟಿ (ನ್ಯಾಷನಲ್ ಬುಕ್ ಟ್ರಸ್ಟ್) ಪುಸ್ತಕ ಒಂದಷ್ಟು, ಅವ್ರ ನೆಹರು ಬಾಲ ಪುಸ್ತಕಾಲಯ ಸೀರೀಸಲ್ಲಿ ರೇಟ್ ಕಮ್ಮಿ ಇದೆ. ಡಿಕ್ಷನರಿ, ಸ್ಪೀಕರ್, ಉದ್ದ ಸ್ಟೇಪ್ಲರ್. ಒಂದು 5 ಸಾವಿರ ಖರ್ಚು ಮಾಡ್ದೆ ಇಟ್ಕೊಂಡಿರ್ತೀನಿ, ಮೊದಲ ಮೂರ್ ತಿಂಗಳಲ್ಲಿ ಯಾವುದು ಹೆಚ್ಚು ಹರಿದಿದೆಯೋ ಅಂಥದ್ದನ್ನೇ ಇನ್ನಷ್ಟು ತರೋಕೆ. ಅಲೆಮಾರಿ ಅವ್ರೇ, ನಾನು ಬೆಂಗಳೂರಿಗೆ ಬರೋದು ಈ ತಿಂಗ್ಳು ಕಷ್ಟ, ನೀವು ಆರ್ಸಿ ಕಳ್ಸೋಕಾಗತ್ತಾ, ಖರ್ಚು ಎಷ್ಟಾಗ್ಬೋದು?

ಅವೆನ್ಯೂ_ಅಲೆಮಾರಿ
ಖಂಡಿತ ಆರಿಸ್ತೀನಿ, ಫೋಟೋ ಹಾಕ್ತೀನಿ ನೀವು ಹೂಂ ಅಂದ್ಮೇಲೆ ದುಡ್ಡು ಕೊಡೋದು. ಕಳ್ಸೋದೇ ಯೋಚ್ನೆ. ಮುಂಚೆ ರಿಜಿಸ್ಟರ್ಡ್ ಬುಕ್ ಪೋಸ್ಟಲ್ಲಿ ಕಮ್ಮಿಗೆ ಹೋಗ್ತಿತ್ತು, 2024ರ ಡಿಸೆಂಬರಲ್ಲಿ ಅದನ್ನ ತೆಗೆದ್ರು. ಕೊರಿಯರಂದ್ರೆ ಪುಸ್ತಕಕ್ಕಿಂತ ಜಾಸ್ತಿ ಆಗತ್ತೆ.

ಅಂಚೆ_ಅಣ್ಣ
ಕೊರಿಯರ್ ಯಾಕಣ್ಣ, ಜ್ಞಾನ ಪೋಸ್ಟ್ ಇದೆಯಲ್ಲ. 2025ರ ಮೇ 1ರಿಂದ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100 ರೂಪಾಯಿ, ಮೇಲೆ ಟ್ಯಾಕ್ಸು, ಟ್ರ್ಯಾಕಿಂಗೂ ಸಿಗತ್ತೆ. ರಸ್ತೆ, ರೈಲಲ್ಲಿ ಹೋಗೋದ್ರಿಂದ ಒಂಚೂರು ನಿಧಾನ. ಐದೈದು ಕೆಜಿ ಕಟ್ಟು ಮಾಡಿ, ಮೇಲೆ ಜ್ಞಾನ ಪೋಸ್ಟ್ ಅಂತ ಬರೀರಿ, ಪುಸ್ತಕದಲ್ಲಿ ಪ್ರಿಂಟರ್ ಅಥವಾ ಪಬ್ಲಿಷರ್ ಹೆಸರು ಇರ್ಲೇಬೇಕು, ಒಳಗೆ ಕಾಗದ ಪತ್ರ ಇಡ್ಬೇಡಿ. ಮ್ಯಾಗಜೀನ್ ಅದ್ರಲ್ಲಿ ತಗೊಳ್ಳಲ್ಲ, ಬಿಡಿ ಸಂಚಿಕೆ ಟಿಂಕಲ್ ಇದ್ರೆ ಬೇರೆ ತೆಗೆದಿಡಿ.

ಅವೆನ್ಯೂ_ಅಲೆಮಾರಿ
ಅದು ಗೊತ್ತಿರ್ಲಿಲ್ಲ, ಒಳ್ಳೇ ಸುದ್ದಿ. ಹಂಗಾದ್ರೆ ಟಿಂಕಲ್ ಕಟ್ಟನ್ನ ಮೆಜೆಸ್ಟಿಕ್ಕಲ್ಲಿ ಚಿತ್ರದುರ್ಗದ ಬಸ್ಸಿಗೆ ಹಾಕ್ತೀನಿ ಮೇಷ್ಟ್ರೇ, ಹಿರಿಯೂರು ಸ್ಟ್ಯಾಂಡಲ್ಲಿ ಯಾರಾದ್ರೂ ಇಳಿಸ್ಕೊಳ್ಳಿ. ಕಂಡಕ್ಟರ್ ನಂಬರ್ ಮೆಸೇಜ್ ಮಾಡ್ತೀನಿ.